ವಾಯಿದಾ ವ್ಯಾಪಾರದಲ್ಲಿ ಪ್ರವೇಶದ ಗಳಿಗೆ

ದಲಾಲ್ ಬೀದಿಯ ಹೆಸರನ್ನು ಕೇಳದ ಕನ್ನಡಿಗನು ಈ ದೇಶದ ಮಹಾನಗರಗಳಲ್ಲಿ ವಿರಳ. ಒಂದು ಕಾಲಕ್ಕೆ ಷೇರುಗಳ ವ್ಯವಹಾರವು ಉಳ್ಳವರದೆಂದು ದೂರವಿದ್ದ ಸಂಬಳದ ಜನರೂ ಇಂದು ಅಂಗೈಯಗಲದ ಮೊಬೈಲಿನಲ್ಲಿ ಪೇಟೆಯ ಏರಿಳಿತವನ್ನು ಕ್ಷಣಕ್ಷಣಕ್ಕೂ ಕಾಣಬಲ್ಲವರಾಗಿದ್ದಾರೆ. ಕಾಣುವುದಕ್ಕೂ ತೊಡಗುವುದಕ್ಕೂ ನಡುವೆ ಬಹಳ ಅಂತರವಿಲ್ಲ. ಅದರಲ್ಲಿಯೂ ಫ್ಯೂಚರ್ಸ್ ಎಂದು ಕರೆಯಲಾಗುವ ವಾಯಿದಾ ವ್ಯಾಪಾರವು, ಅಲ್ಪ ಬಂಡವಾಳದ ಮೇಲೆ ದೊಡ್ಡ ಮೊತ್ತದ ವಹಿವಾಟಿಗೆ ಎಡೆಗೊಡುವುದರಿಂದ, ಊರು ಬಿಟ್ಟು ಬಂದು ನಾಲ್ಕು ಕಾಸು ಕೂಡಿಟ್ಟ ಕುಟುಂಬಗಳನ್ನು ಸುಲಭವಾಗಿ ಸೆಳೆಯುತ್ತದೆ.

ಈ ಸೆಳೆತದ ಫಲವೇನೆಂಬುದು ಗುಟ್ಟಾಗಿ ಉಳಿದಿಲ್ಲ. ಭಾರತೀಯ ಪ್ರತಿಭೂತಿ ಮತ್ತು ವಿನಿಮಯ ಮಂಡಳಿಯು, ಅಂದರೆ ಸೆಬಿಯು, 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗದಲ್ಲಿ ವ್ಯವಹರಿಸಿದ ವ್ಯಕ್ತಿಗಳಲ್ಲಿ ಶೇಕಡಾ 93ರಷ್ಟು ಮಂದಿ ನಷ್ಟ ಹೊಂದಿದರು; ಒಟ್ಟು ನಷ್ಟವು 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತ್ತು. 2024-25ರ ಒಂದೇ ವರ್ಷದಲ್ಲಿ ಶೇಕಡಾ 91 ಮಂದಿ ಸೋತು, 1,05,603 ಕೋಟಿ ರೂಪಾಯಿ ಕಳೆದುಕೊಂಡರು. ಈ ಅಂಕಿಗಳಲ್ಲಿ ಆಪ್ಷನ್ಸ್ ವ್ಯಾಪಾರವೂ ಸೇರಿದೆಯೆಂಬುದು ನಿಜ. ಆದರೆ ಕೇವಲ ಫ್ಯೂಚರ್ಸ್ ಮಾತ್ರ ಇದ್ದಲ್ಲಿಯೂ ಚಿತ್ರ ಬೇರೆಯಾಗಿಲ್ಲ. ಬ್ರೆಜಿಲ್ ದೇಶದಲ್ಲಿ 2013ರಿಂದ 2015ರ ನಡುವೆ ಸೂಚ್ಯಂಕದ ಫ್ಯೂಚರ್ಸ್‌ನಲ್ಲಿ ದಿನವಹಿ ವ್ಯಾಪಾರವನ್ನು ಹೊಸದಾಗಿ ಆರಂಭಿಸಿದವರನ್ನು ಅಲ್ಲಿನ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. ಮುನ್ನೂರಕ್ಕಿಂತ ಹೆಚ್ಚು ದಿನ ಛಲ ಬಿಡದೆ ವ್ಯಾಪಾರ ನಡೆಸಿದವರಲ್ಲಿ ಶೇಕಡಾ 97 ಮಂದಿಗೆ ನಷ್ಟವೇ ಉಳಿಯಿತು. ಅಭ್ಯಾಸದಿಂದ ಕೈ ಪಳಗುತ್ತದೆ ಎಂಬ ನಂಬಿಕೆಗೆ ಇದು ಗಟ್ಟಿಯಾದ ಪೆಟ್ಟು.

ಆದಕಾರಣ ಈ ವ್ಯಾಪಾರವನ್ನು ಸಂಪೂರ್ಣವಾಗಿ ತ್ಯಜಿಸುವುದೇ ಬಹುಮಂದಿಗೆ ಕ್ಷೇಮಕರ. ಆದರೂ ತೊಡಗಿದವರು ಇದ್ದಾರೆ, ತೊಡಗುವವರೂ ಇರುತ್ತಾರೆ. ‘ಎಂಟ್ರಿ ಎಲ್ಲಿ?’ ಎಂಬುದೇ ಅವರೆಲ್ಲರ ಮೊದಲ ಪ್ರಶ್ನೆ. ಆ ಪ್ರಶ್ನೆಗೆ ಶಾಸ್ತ್ರೀಯವಾದ ಉತ್ತರ ಹೇಗಿರಬೇಕೆಂಬುದನ್ನು ತಿಳಿದರೆ, ದಾರಿಯಲ್ಲಿ ಹೋಗುವವರ ಸುಳಿವಿಗೆ, ಅಂದರೆ ‘ಟಿಪ್’ಗೆ, ಕಿವಿಗೊಡುವುದಾದರೂ ತಪ್ಪೀತು.

ವಾಯಿದೆ ಎಂದರೇನು

ವಾಯಿದಾ ಒಪ್ಪಂದವೆಂದರೆ ಮುಂದಿನ ಒಂದು ಗೊತ್ತಾದ ದಿನಕ್ಕೆ, ಇಂದೇ ಗೊತ್ತುಮಾಡಿದ ಬೆಲೆಯಲ್ಲಿ ಕೊಳ್ಳುವ ಅಥವಾ ಮಾರುವ ಕರಾರು. ಷಿಕಾಗೋ ನಗರದಲ್ಲಿ ಧಾನ್ಯಕ್ಕಾಗಿ, ಮುಂಬಯಿಯಲ್ಲಿ ಹತ್ತಿಗಾಗಿ ಬೆಳೆದ ಈ ಪದ್ಧತಿ ಸೂಚ್ಯಂಕಕ್ಕೆ ಬಂದದ್ದು ತಡವಾಗಿ. ನಮ್ಮ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ನಿಫ್ಟಿ ಸೂಚ್ಯಂಕದ ಫ್ಯೂಚರ್ಸ್ 2000ದ ಜೂನ್ 12ರಂದು ಆರಂಭವಾಯಿತು. ಒಂದೊಂದು ಒಪ್ಪಂದಕ್ಕೂ ಕನಿಷ್ಠ ಪ್ರಮಾಣವೊಂದಿದೆ. ಅದಕ್ಕೆ ಲಾಟ್ ಎಂದು ಹೆಸರು. ಇದನ್ನು ಕಾಲಕಾಲಕ್ಕೆ ಬದಲಿಸಲಾಗುತ್ತದೆ. 2025ರಲ್ಲಿ ನಿಫ್ಟಿಯ ಲಾಟ್ 75 ಇತ್ತು. ಈ ಲೇಖನದ ಲೆಕ್ಕಗಳಿಗೂ ಅದನ್ನೇ ಇಟ್ಟುಕೊಳ್ಳಲಾಗಿದೆ. ಸೂಚ್ಯಂಕವು 25,000ದಲ್ಲಿದ್ದರೆ ಒಂದು ಲಾಟಿನ ಮೌಲ್ಯ 18,75,000 ರೂಪಾಯಿ. ವ್ಯಾಪಾರಿಯು ಕಟ್ಟಬೇಕಾದ ಮಾರ್ಜಿನ್ ಹಣವಾದರೋ ಇದರ ಸಣ್ಣದೊಂದು ಪಾಲು ಮಾತ್ರ. ಸೂಚ್ಯಂಕ ಶೇಕಡಾ ಒಂದರಷ್ಟು ಇಳಿದರೆ, ಕೊಂಡವನ ಕೈಯಿಂದ ಹೋಗುವುದು ಮಾರ್ಜಿನ್ನಿನ ಶೇಕಡಾ ಒಂದಲ್ಲ, ಪೂರ್ಣ ಮೌಲ್ಯದ ಶೇಕಡಾ ಒಂದು. ಅಂದರೆ 18,750 ರೂಪಾಯಿ. ಇಲ್ಲಿ ಮೊದಲು ಮಾರಿ ಆಮೇಲೆ ಕೊಳ್ಳುವುದಕ್ಕೂ ಅವಕಾಶವಿರುವುದರಿಂದ, ಇಳಿಯುವ ಪೇಟೆಯಲ್ಲಿಯೂ ಪ್ರವೇಶ ಸಾಧ್ಯ. ಬೆಳಗ್ಗೆ 9.15ಕ್ಕೆ ತೆರೆಯುವ ಪೇಟೆ ಮಧ್ಯಾಹ್ನ 3.30ಕ್ಕೆ ಮುಚ್ಚುವುದರೊಳಗೆ ಲೆಕ್ಕವನ್ನು ಚುಕ್ತಾ ಮಾಡಿಕೊಂಡರೆ ಅದು ದಿನವಹಿ ವ್ಯಾಪಾರ.

ಇಬ್ಬರು ನೋಡಿದರೂ ಒಂದೇ ಗಳಿಗೆ

ಪ್ರವೇಶಬಿಂದುವಿನ ಲಕ್ಷಣವನ್ನು ತಿಳಿಯಲು ಪಂಚಾಂಗದ ಉದಾಹರಣೆ ಸಾಕು. ಸೋಮವಾರದ ರಾಹುಕಾಲ ಯಾವಾಗ ಎಂದು ಮಾಟುಂಗದಲ್ಲಿರುವವರು ನೋಡಿದರೂ ಒಂದೇ, ದಾದರದಲ್ಲಿರುವವರು ನೋಡಿದರೂ ಒಂದೇ. ರಾಹುಕಾಲದಲ್ಲಿ ನಂಬಿಕೆ ಇರಲಿ ಬಿಡಲಿ, ಅದನ್ನು ಗೊತ್ತುಮಾಡುವ ಕ್ರಮದಲ್ಲಿ ಸಂದಿಗ್ಧವಿಲ್ಲ. ವ್ಯಾಪಾರದ ನಿಯಮಕ್ಕೂ ಇದೇ ಒರೆಗಲ್ಲು. ಒಂದೇ ನಿಯಮವನ್ನು ಕೈಯಲ್ಲಿ ಹಿಡಿದು, ಒಂದೇ ದಿನದ ಬೆಲೆಗಳ ಪಟ್ಟಿಯನ್ನು ಇಬ್ಬರು ಬೇರೆಬೇರೆ ಕೋಣೆಗಳಲ್ಲಿ ಕುಳಿತು ನೋಡಿದಾಗ, ಇಬ್ಬರ ಪೆನ್ಸಿಲ್ಲೂ ಒಂದೇ ನಿಮಿಷದ ಮೇಲೆ ಗುರುತು ಹಾಕಬೇಕು. ಹಾಗಾಗದಿದ್ದರೆ ಅದು ನಿಯಮವಲ್ಲ, ಅಭಿಪ್ರಾಯ. ‘ಪೇಟೆ ಬಲವಾಗಿ ಮೇಲೇರಿದಾಗ ಕೊಳ್ಳಬೇಕು’ ಎಂಬ ವಾಕ್ಯವನ್ನು ನೂರು ಪುಸ್ತಕಗಳಲ್ಲಿ ಕಾಣಬಹುದು. ಬಲವೆಂದರೆ ಎಷ್ಟು? ಏರಿದಾಗವೆಂದರೆ ಏರುತ್ತಿರುವಾಗಲೋ, ಏರಿ ನಿಂತ ಮೇಲೋ? ಉತ್ತರವಿಲ್ಲದ ಕಡೆ ಮನಸ್ಸು ತನಗೆ ಬೇಕಾದ ಉತ್ತರವನ್ನು ತುಂಬಿಕೊಳ್ಳುತ್ತದೆ.

ನಿಯಮಬದ್ಧ ಪ್ರವೇಶಕ್ಕೆ ದೀರ್ಘ ಇತಿಹಾಸವಿದೆ. ಅಮೆರಿಕದ ರಿಚರ್ಡ್ ಡಾಂಚಿಯನ್ ಎಂಬವರು ನಾಲ್ಕು ವಾರಗಳ ಗರಿಷ್ಠ ಬೆಲೆಯನ್ನು ದಾಟಿದಾಗ ಕೊಳ್ಳುವ, ಕನಿಷ್ಠವನ್ನು ದಾಟಿದಾಗ ಮಾರುವ ಸರಳ ಸೂತ್ರವನ್ನು ಪ್ರಚಾರಕ್ಕೆ ತಂದರು. 1980ರ ದಶಕದಲ್ಲಿ ಷಿಕಾಗೋದ ರಿಚರ್ಡ್ ಡೆನಿಸ್ ಮತ್ತು ವಿಲಿಯಂ ಎಕ್‌ಹಾರ್ಟ್ ಎಂಬ ಇಬ್ಬರು ಮಿತ್ರರ ನಡುವೆ, ವ್ಯಾಪಾರವನ್ನು ಕಲಿಸಿಕೊಡಲು ಸಾಧ್ಯವೇ ಎಂಬ ವಾದ ಹುಟ್ಟಿತು. ಡೆನಿಸ್ ಜಾಹೀರಾತು ಕೊಟ್ಟು ಆರಿಸಿದ ಶಿಷ್ಯರು ‘ಆಮೆಗಳು’ ಎಂಬ ಅಡ್ಡಹೆಸರಿನಿಂದ ಪ್ರಸಿದ್ಧರಾದರು. ಇಪ್ಪತ್ತು ದಿನಗಳ ಗರಿಷ್ಠವನ್ನು ಬೆಲೆ ದಾಟಿದೊಡನೆ, ದಿನದ ಮುಕ್ತಾಯಕ್ಕೆ ಕಾಯದೆ, ಪ್ರವೇಶಿಸುವುದು ಅವರ ನಿಯಮಗಳಲ್ಲಿ ಒಂದು. ಒಂದು ದಿನದೊಳಗಿನ ವ್ಯಾಪಾರಕ್ಕೆ ಹೊಂದುವಂತೆ ಇದನ್ನು ಕೂಲಂಕಷವಾಗಿ ಪರಿಶೀಲಿಸಿದವರು ಟೋಬಿ ಕ್ರೇಬೆಲ್. 1990ರಲ್ಲಿ ಪ್ರಕಟವಾದ ಅವರ ಗ್ರಂಥವು ‘ಆರಂಭದ ವ್ಯಾಪ್ತಿ’ಯನ್ನು ಬೆಲೆ ಭೇದಿಸುವ ಕ್ಷಣವನ್ನೇ ಪ್ರವೇಶದ ಆಧಾರವಾಗಿ ಇಟ್ಟುಕೊಂಡಿದೆ. ಏಳು ದಿನಗಳಲ್ಲೇ ಅತ್ಯಂತ ಕಿರಿದಾದ ಏರಿಳಿತ ಕಂಡ ದಿನದ ಮರುದಿನ ಪೇಟೆಯು ದೊಡ್ಡ ಹೆಜ್ಜೆ ಇಡುವ ಸಂಭವ ಹೆಚ್ಚೆಂಬುದು ಅವರ ಅವಲೋಕನಗಳಲ್ಲಿ ಒಂದು.

ಒಂದು ನಿಯಮವನ್ನು ಬರೆದು ನೋಡೋಣ

ಆರಂಭದ ವ್ಯಾಪ್ತಿಯ ನಿಯಮವನ್ನೇ ನಿಫ್ಟಿಗೆ ಅನ್ವಯಿಸಿ ಹೇಳುವುದಾದರೆ, 9.15ರಿಂದ 9.45ರವರೆಗಿನ ಮೂವತ್ತು ನಿಮಿಷಗಳ ಗರಿಷ್ಠ ಮತ್ತು ಕನಿಷ್ಠ ಬೆಲೆಗಳನ್ನು ಗುರುತು ಮಾಡಿಕೊಳ್ಳುವುದು. ಗರಿಷ್ಠವನ್ನು ದಾಟಿದರೆ ಕೊಳ್ಳುವುದು, ಕನಿಷ್ಠವನ್ನು ದಾಟಿ ಇಳಿದರೆ ಮಾರುವುದು. ಕೇಳಲು ಸಂಪೂರ್ಣವೆನಿಸುವ ಈ ವಾಕ್ಯದಲ್ಲಿ ಎಷ್ಟು ತೂತುಗಳಿವೆ ಎಂಬುದು ಕಾಗದದ ಮೇಲೆ ಬರೆಯಹೊರಟಾಗಲೇ ತಿಳಿಯುವುದು.

ಮೊದಲನೆಯದಾಗಿ, ಯಾವ ಬೆಲೆ? ನಿಫ್ಟಿ ಸೂಚ್ಯಂಕದ್ದೋ, ನಿಫ್ಟಿ ಫ್ಯೂಚರ್ಸ್‌ನದೋ? ಎರಡೂ ಒಂದೇ ಅಲ್ಲ. ವಾಯಿದೆಯ ಬೆಲೆ ಸಾಮಾನ್ಯವಾಗಿ ಸೂಚ್ಯಂಕಕ್ಕಿಂತ ಸ್ವಲ್ಪ ಮೇಲಿದ್ದು, ಒಪ್ಪಂದ ಮುಗಿಯುವ ದಿನಕ್ಕೆ ಅದರೊಡನೆ ಕೂಡಿಕೊಳ್ಳುತ್ತದೆ. ಒಂದರ ಗೆರೆಯನ್ನು ಎಳೆದು ಇನ್ನೊಂದರಲ್ಲಿ ವ್ಯವಹರಿಸುವವನು ಅರಿಯದೆಯೇ ಎರಡು ನಿಯಮಗಳನ್ನು ಬೆರೆಸಿರುತ್ತಾನೆ.

ಎರಡನೆಯದು, ದಾಟುವುದೆಂದರೇನು? ಇದೇ ಹೃದಯಭಾಗ. ಗೆರೆಯನ್ನು ಮುಟ್ಟಿದ ಮಾತ್ರಕ್ಕೆ ಕೊಳ್ಳುವವನಿಗೆ ಒಳ್ಳೆಯ ಬೆಲೆ ದೊರಕುತ್ತದೆ, ಆದರೆ ಮುಟ್ಟಿ ಹಿಂದಿರುಗುವ ಹುಸಿ ಏರಿಕೆಗಳೆಲ್ಲವೂ ಅವನ ಪಾಲಿಗೆ ಬರುತ್ತವೆ. ಐದು ನಿಮಿಷಗಳ ಅವಧಿಯೊಂದು ಗೆರೆಯ ಮೇಲೆಯೇ ಮುಕ್ತಾಯವಾಗುವವರೆಗೆ ಕಾಯುವವನಿಗೆ ಹುಸಿ ಏರಿಕೆಗಳು ಕಡಿಮೆಯಾಗುತ್ತವೆ, ಆದರೆ ಕೊಳ್ಳುವ ಬೆಲೆ ದುಬಾರಿಯಾಗುತ್ತದೆ. ಬಯಲುಸೀಮೆಯ ರೈತನು ಮೊದಲ ಮೋಡಕ್ಕೇ ಬೀಜ ಬಿತ್ತುವುದಿಲ್ಲ, ಹದ ಮಳೆಗೆ ಕಾಯುತ್ತಾನೆ. ಕಾದು ಕಾದು ತಡವಾದರೆ ಬೆಳೆಯೂ ತಡವಾಗುತ್ತದೆಂಬುದು ಅವನಿಗೆ ಗೊತ್ತು. ಎರಡರಲ್ಲಿ ಯಾವುದು ಸರಿಯೆಂಬುದಕ್ಕೆ ಸಾರ್ವತ್ರಿಕ ಉತ್ತರವಿಲ್ಲ. ಒಂದನ್ನು ಆರಿಸಿ, ಬರೆದು, ಬದಲಿಸದೆ ನಡೆದುಕೊಂಡಾಗ ಮಾತ್ರ ಅದರ ಗುಣದೋಷ ತಿಳಿಯುತ್ತದೆ. ಬೆಳಗ್ಗೆ ಮುಟ್ಟಿದ್ದಕ್ಕೆ ಕೊಂಡು, ಮರುದಿನ ಮುಕ್ತಾಯಕ್ಕೆ ಕಾಯುವವನಿಗೆ ಎರಡರ ನಷ್ಟವೂ ಬರುತ್ತದೆ, ಯಾವುದರ ಪಾಠವೂ ಬರುವುದಿಲ್ಲ.

ಉಳಿದ ತೂತುಗಳನ್ನು ಬೇಗನೆ ಮುಚ್ಚಬಹುದು. ಮೇಲಿನ ಗೆರೆಯನ್ನು ದಾಟಿ ಸೋತ ಮೇಲೆ ಅದೇ ದಿನ ಕೆಳಗಿನ ಗೆರೆ ದಾಟಿದರೆ ಮತ್ತೆ ಪ್ರವೇಶವುಂಟೇ? ದಿನಕ್ಕೆ ಎಷ್ಟು ಸಲ? ಎಷ್ಟು ಗಂಟೆಯ ಮೇಲೆ ಹೊಸ ಪ್ರವೇಶವಿಲ್ಲ? ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಹೊರಬೀಳುವ ದಿನ, ಮುಂಗಡಪತ್ರದ ದಿನ ಏನು ಮಾಡಬೇಕು? 2024ರ ಜೂನ್ 4ರಂದು ಲೋಕಸಭಾ ಚುನಾವಣೆಯ ಮತ ಎಣಿಕೆ ನಡೆದಾಗ ನಿಫ್ಟಿಯು ಒಂದೇ ದಿನದಲ್ಲಿ 1,379 ಅಂಶಗಳಷ್ಟು, ಎಂದರೆ ಶೇಕಡಾ 6ರ ಸಮೀಪ, ಕುಸಿದು 21,884ರಲ್ಲಿ ನಿಂತಿತು. ಹಿಂದಿನ ದಿನವಷ್ಟೇ ಅದು ಶೇಕಡಾ 3ಕ್ಕೂ ಮಿಕ್ಕಿ ಏರಿತ್ತು. ಅಂತಹ ದಿನ ನಿಯಮಕ್ಕೆ ಒಗ್ಗುತ್ತದೆಯೋ ಇಲ್ಲವೋ ಎಂಬುದನ್ನು ಆ ಬೆಳಗ್ಗೆ ಯೋಚಿಸತೊಡಗಿದವನಿಗೆ ಯೋಚಿಸಲು ಸಮಯವಿರುವುದಿಲ್ಲ. ಪ್ರವೇಶಿಸದಿರುವ ಸಂದರ್ಭಗಳೂ ಪ್ರವೇಶದ ನಿಯಮದ ಅಂಗವೇ. ವಾಸ್ತವವಾಗಿ ಒಳ್ಳೆಯ ನಿಯಮದಲ್ಲಿ ಬೇಡವೆನ್ನುವ ವಾಕ್ಯಗಳೇ ಹೆಚ್ಚು.

ತಪ್ಪಿದರೆ ಎಲ್ಲಿ ಒಪ್ಪಿಕೊಳ್ಳುವುದು

ಇನ್ನು ಅಂಕಿಗಳೊಡನೆ ನೋಡಬಹುದು. ಒಂದು ಬೆಳಗ್ಗೆ ಮೊದಲ ಅರ್ಧ ಗಂಟೆಯ ಗರಿಷ್ಠ 25,060, ಕನಿಷ್ಠ 24,980 ಎಂದಿಟ್ಟುಕೊಳ್ಳೋಣ. 10.15ಕ್ಕೆ ಮುಗಿದ ಐದು ನಿಮಿಷಗಳ ಅವಧಿಯು 25,066ರಲ್ಲಿ ಮುಕ್ತಾಯವಾಯಿತು. ನಿಯಮದಂತೆ ಕೊಂಡಾಗ ದೊರೆತ ಬೆಲೆ 25,068. ಈ ಪ್ರವೇಶ ತಪ್ಪೆಂದು ಒಪ್ಪಿಕೊಂಡು ಹೊರಬರುವ ಬೆಲೆ, ಅಂದರೆ ಸ್ಟಾಪ್ ಲಾಸ್, ವ್ಯಾಪ್ತಿಯ ತಳವಾದ 24,980 ಎಂದಾದರೆ ಪಣಕ್ಕಿಟ್ಟದ್ದು 88 ಅಂಶ. ಒಂದು ಲಾಟಿಗೆ 6,600 ರೂಪಾಯಿ. ವ್ಯಾಪಾರಕ್ಕೆಂದು ಬದಿಗಿಟ್ಟ ಹಣ ಐದು ಲಕ್ಷವಿದ್ದು, ಒಂದು ಸಲಕ್ಕೆ ಶೇಕಡಾ ಒಂದಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದೆಂಬ ಕಟ್ಟಳೆಯಿದ್ದರೆ ಮಿತಿ 5,000 ರೂಪಾಯಿ. ಆಗ ಈ ಪ್ರವೇಶ, ಗೆರೆ ದಾಟಿದ್ದರೂ, ಪ್ರವೇಶವೇ ಅಲ್ಲ. ಅರ್ಧ ಲಾಟ್ ಕೊಳ್ಳಲು ಅವಕಾಶವಿಲ್ಲವಾದ್ದರಿಂದ ಬಿಟ್ಟುಬಿಡಬೇಕು.

ಸ್ಟಾಪ್ ಲಾಸನ್ನು ವ್ಯಾಪ್ತಿಯ ನಡುಮಧ್ಯಕ್ಕೆ, ಎಂದರೆ 25,020ಕ್ಕೆ ತಂದರೆ ಪಣ 48 ಅಂಶಕ್ಕೆ, 3,600 ರೂಪಾಯಿಗೆ ಇಳಿಯುತ್ತದೆ. ಮಿತಿಯೊಳಗೆ ಬಂತೆಂದು ಸಂತೋಷಪಡುವ ಮೊದಲು, ಹತ್ತಿರದ ಬೇಲಿಯನ್ನು ಪೇಟೆಯು ಹೆಚ್ಚು ಸಲ ಹಾಯುತ್ತದೆಂಬುದನ್ನು ನೆನೆಯಬೇಕು. ಎಲ್ಲಿ ಒಳಹೊಕ್ಕೆವು ಎಂಬುದಕ್ಕೆ ಎಲ್ಲಿ ಹೊರಬೀಳುತ್ತೇವೆ ಎಂಬುದನ್ನು ಬಿಟ್ಟು ಬೇರೆ ಅರ್ಥವಿಲ್ಲ. ಹೊರಬೀಳುವ ಬೆಲೆಯನ್ನು ಹೇಳದೆ ಕೇವಲ ಕೊಳ್ಳುವ ಬೆಲೆಯನ್ನು ಮಾರಾಟ ಮಾಡುವ ಸಲಹೆಗಾರರು ಅರ್ಧ ಔಷಧದ ಚೀಟಿ ಬರೆದುಕೊಟ್ಟ ವೈದ್ಯರಂತೆ.

ಕಾಣದ ಖರ್ಚು

ಸೋಲುಗೆಲುವುಗಳ ಲೆಕ್ಕದಲ್ಲಿ ಬಹುಮಂದಿ ಬರೆಯದ ಅಂಕಣವೊಂದಿದೆ. ಫ್ಯೂಚರ್ಸ್ ಮಾರಾಟದ ಮೇಲಿನ ಸೆಕ್ಯುರಿಟೀಸ್ ವಹಿವಾಟು ತೆರಿಗೆಯನ್ನು 2024ರ ಅಕ್ಟೋಬರ್ 1ರಿಂದ ಶೇಕಡಾ 0.0125ರಿಂದ 0.02ಕ್ಕೆ ಏರಿಸಲಾಯಿತು. ಈ 0.02ರ ದರದಲ್ಲೇ ಲೆಕ್ಕ ಹಾಕಿದರೂ, 18,75,000 ರೂಪಾಯಿಯ ಒಂದು ಲಾಟಿಗೆ ತೆರಿಗೆ 375 ರೂಪಾಯಿ. ಎಂದರೆ ಐದು ಅಂಶ. ದಲ್ಲಾಳಿ, ಮುದ್ರಾಂಕ ಶುಲ್ಕ, ವಿನಿಮಯ ಕೇಂದ್ರದ ಶುಲ್ಕ, ಅವುಗಳ ಮೇಲಿನ ತೆರಿಗೆ ಎಲ್ಲವನ್ನೂ ಸೇರಿಸಿದರೆ ಏಳು ಅಂಶಗಳ ಆಸುಪಾಸಿಗೆ ಬರುತ್ತದೆ. ದರ ಬದಲಾದಾಗಲೆಲ್ಲ ಈ ಲೆಕ್ಕವನ್ನು ಹೊಸದಾಗಿ ಹಾಕಬೇಕು.

ಏಳು ಅಂಶವೆಂದರೆ ಅತ್ಯಲ್ಪವೆಂದು ತೋರಬಹುದು. ನೂರು ಪ್ರವೇಶಗಳಲ್ಲಿ 40 ಗೆದ್ದು ಸರಾಸರಿ 60 ಅಂಶ ತಂದವು, 60 ಸೋತು ಸರಾಸರಿ 35 ಅಂಶ ಕಳೆದವು ಎಂದುಕೊಂಡರೆ, ಬಂದದ್ದು 2,400, ಹೋದದ್ದು 2,100. ಉಳಿಕೆ 300 ಅಂಶ. ನಿಯಮವು ಲಾಭದಾಯಕ! ಈಗ ನೂರು ಸಲದ ಖರ್ಚು 700 ಅಂಶ ಕಳೆದರೆ 400 ಅಂಶದ ನಷ್ಟ, ಅಂದರೆ 30,000 ರೂಪಾಯಿ. ಅವಸರದ ಆರ್ಡರಿನಲ್ಲಿ ಬಯಸಿದ ಬೆಲೆಗಿಂತ ಒಂದೆರಡು ಅಂಶ ಜಾರುವುದನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಇಂತಹ ನಿಯಮವನ್ನು ಕೈಯಲ್ಲಿಟ್ಟುಕೊಂಡವನು ಪ್ರತಿನಿತ್ಯವೂ ಸರಿಯಾಗಿಯೇ ನಡೆದುಕೊಳ್ಳುತ್ತಾನೆ, ಹಣ ಮಾತ್ರ ಕರಗುತ್ತಿರುತ್ತದೆ. ದಿನಕ್ಕೊಂದೇ ಪ್ರವೇಶವೆಂಬ ಕಟ್ಟಳೆಯ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಹಳೆಯ ನಕ್ಷೆಯ ಮೋಸ

ನಿಯಮವನ್ನು ಹಿಂದಿನ ವರ್ಷಗಳ ಬೆಲೆಗಳ ಮೇಲೆ ಪರೀಕ್ಷಿಸುವುದು ರೂಢಿ. ಗಣಕಯಂತ್ರಗಳಿಂದ ಇದು ಸುಲಭವಾಗಿದೆ. ಅತಿ ಸುಲಭವಾದದ್ದೇ ತೊಂದರೆ. ಮುಗಿದುಹೋದ ದಿನದ ನಕ್ಷೆಯಲ್ಲಿ ಏರಿಕೆಯ ಬುಡಕ್ಕೆ ಬೆರಳಿಟ್ಟು ‘ಇಲ್ಲಿ ಕೊಳ್ಳಬೇಕಿತ್ತು’ ಎನ್ನದವರಾರು? ಕಣ್ಣು ಆಗಲೇ ಉತ್ತರವನ್ನು ನೋಡಿಬಿಟ್ಟಿರುತ್ತದೆ. ಆದುದರಿಂದ ನಕ್ಷೆಯ ಬಲಭಾಗವನ್ನು ಕಾಗದದಿಂದ ಮುಚ್ಚಿ, ಐದೈದು ನಿಮಿಷವನ್ನೇ ಸರಿಸುತ್ತ ಹೋಗಿ ಗುರುತು ಹಾಕುವ ಹಳೆಯ ವಿಧಾನ ಇಂದಿಗೂ ಪ್ರಯೋಜನಕಾರಿ. 10.15ಕ್ಕೆ ತಿಳಿದಿರಲು ಸಾಧ್ಯವಿದ್ದ ಸಂಗತಿಯನ್ನು ಮಾತ್ರ 10.15ರ ನಿರ್ಣಯಕ್ಕೆ ಬಳಸಬೇಕು. ಮುಕ್ತಾಯದ ಬೆಲೆಯನ್ನು ನೋಡಿ ನಿರ್ಧರಿಸುವ ನಿಯಮವು ಅದೇ ಮುಕ್ತಾಯದ ಬೆಲೆಗೆ ಕೊಂಡಂತೆ ಲೆಕ್ಕ ಬರೆದರೆ ಅದೂ ಕಳ್ಳಲೆಕ್ಕವೇ.

ಇನ್ನೊಂದು ಬಗೆಯ ಮೋಸ ಇನ್ನೂ ಸೂಕ್ಷ್ಮ. ಅರ್ಧ ಗಂಟೆಯ ವ್ಯಾಪ್ತಿ ಲಾಭ ತೋರಿಸದಿದ್ದರೆ ಇಪ್ಪತ್ತೈದು ನಿಮಿಷ, ಅದೂ ಇಲ್ಲದಿದ್ದರೆ ನಲವತ್ತು, ಗುರುವಾರಗಳನ್ನು ಬಿಟ್ಟು, ಎಂದು ತಿದ್ದುತ್ತ ಹೋದರೆ ಯಾವುದೋ ಒಂದು ಸಂಯೋಜನೆ ಹಿಂದಿನ ಬೆಲೆಗಳಿಗೆ ಹೊಂದಿಯೇ ತೀರುತ್ತದೆ. ಅದು ಪೇಟೆಯ ಗುಣವಲ್ಲ, ಹುಡುಕಿದವನ ಸಹನೆಯ ಗುಣ. ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆಯನ್ನು ಲಕೋಟೆಯಲ್ಲಿಡುವಂತೆ, ಒಂದೆರಡು ವರ್ಷಗಳ ಬೆಲೆಗಳನ್ನು ತೆರೆಯದೆ ಇಟ್ಟು, ನಿಯಮ ಪೂರ್ಣವಾದ ಮೇಲೆ ಒಂದೇ ಒಂದು ಸಲ ಅವುಗಳ ಮೇಲೆ ಪರೀಕ್ಷಿಸಬೇಕು. ಪೇಟೆಯ ಕಟ್ಟಳೆಗಳೂ ಬದಲಾಗುತ್ತವೆ: ನಿಫ್ಟಿ ಒಪ್ಪಂದಗಳು ಮುಗಿಯುವ ವಾರವು 2025ರ ಸೆಪ್ಟೆಂಬರಿನಿಂದ ಗುರುವಾರದ ಬದಲು ಮಂಗಳವಾರವಾಯಿತು. ಗುರುವಾರವನ್ನು ನೆಚ್ಚಿದ್ದ ನಿಯಮಗಳೆಲ್ಲ ಒಂದೇ ದಿನದಲ್ಲಿ ಹಳಸಿದವು.

ಶರೀರವೂ ಪಾಲುದಾರ

ನಿಯಮವನ್ನು ಪೇಟೆ ತೆರೆಯುವ ಮೊದಲೇ ಬರೆದಿಡಬೇಕೆಂಬುದಕ್ಕೆ ಗಣಿತವಲ್ಲದ ಕಾರಣವೂ ಉಂಟು. ಕೇಂಬ್ರಿಜ್ ವಿಶ್ವವಿದ್ಯಾಲಯದ ಜಾನ್ ಕೋಟ್ಸ್ ಮತ್ತು ಜೋ ಹರ್ಬರ್ಟ್ ಎಂಬ ಸಂಶೋಧಕರು ಲಂಡನ್ನಿನ 17 ಮಂದಿ ವೃತ್ತಿಪರ ವ್ಯಾಪಾರಿಗಳ ಜೊಲ್ಲನ್ನು ಎಂಟು ಕೆಲಸದ ದಿನಗಳ ಕಾಲ ಬೆಳಗ್ಗೆ ಮತ್ತು ಸಂಜೆ ಸಂಗ್ರಹಿಸಿ ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಅವರ ವರದಿಯಂತೆ, ಪೇಟೆಯ ಅನಿಶ್ಚಿತತೆ ಹೆಚ್ಚಿದಂತೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರುತ್ತಿತ್ತು. ಬೆಳಗ್ಗೆ ಟೆಸ್ಟೊಸ್ಟೆರೋನ್ ಅಧಿಕವಿದ್ದ ದಿನಗಳಲ್ಲಿ ಲಾಭ ಹೆಚ್ಚಾಗಿತ್ತು. ಎರಡನೆಯ ಸಂಗತಿ ಅನುಕೂಲದಂತೆ ಕಂಡರೂ, ಅದು ಬಹುಕಾಲ ಏರಿಯೇ ಉಳಿದರೆ ಅತಿಸಾಹಸಕ್ಕೆ ತಳ್ಳೀತೆಂದು ಸಂಶೋಧಕರೇ ಶಂಕಿಸಿದ್ದಾರೆ. 2014ರ ಇನ್ನೊಂದು ಅಧ್ಯಯನದಲ್ಲಿ ಸ್ವಯಂಸೇವಕರ ಕಾರ್ಟಿಸಾಲನ್ನು ಔಷಧದಿಂದ ಎಂಟು ದಿನ ಏರಿಸಿ ಇಟ್ಟಾಗ, ಅವರು ಗಂಡಾಂತರಕ್ಕೆ ಮೊದಲಿಗಿಂತ ಬಹಳ ಹೆಚ್ಚಾಗಿ ಹಿಂಜರಿದರು. ಹಾಗಾದರೆ ಸೋಮವಾರ ಎದುರಿಗಿದ್ದ ನಕ್ಷೆಯನ್ನು ನೋಡಿದ ಮನುಷ್ಯನೂ, ಮೂರು ಸಲ ಸೋತ ಗುರುವಾರ ನೋಡುವ ಮನುಷ್ಯನೂ ಶರೀರದ ದೃಷ್ಟಿಯಿಂದ ಒಬ್ಬನೇ ಅಲ್ಲ. ಕಾಗದದ ಮೇಲಿನ ನಿಯಮವೊಂದೇ ಇಬ್ಬರಿಗೂ ಸಮಾನ.

ಗೃಹಿಣಿಯರು ಮೊದಲು ಗಮನಿಸುವ ಲಕ್ಷಣಗಳು ಬೇರೆ: ರಾತ್ರಿ ಅಮೆರಿಕದ ಪೇಟೆ ನೋಡುತ್ತ ನಿದ್ದೆಗೆಡುವುದು, ಊಟದ ತಟ್ಟೆಯ ಪಕ್ಕದಲ್ಲಿ ಫೋನ್, ಮಕ್ಕಳ ಮೇಲೆ ಸಿಡುಕು, ನಷ್ಟದ ಮೊತ್ತವನ್ನು ಮನೆಯಲ್ಲಿ ಹೇಳದಿರುವುದು. ರಕ್ತದೊತ್ತಡ ಅಥವಾ ಹೃದ್ರೋಗವಿರುವವರಿಗೆ ಈ ದಿನಚರಿ ಹಿತವಲ್ಲ. ನಷ್ಟವನ್ನು ಮುಚ್ಚಿಡುವ ಹಾಗೂ ಸಾಲ ಮಾಡಿ ಆಡುವ ಹಂತ ತಲುಪಿದ್ದರೆ ಅದು ಜೂಜಿನ ಚಟದ ಲಕ್ಷಣ; ಮನೋವೈದ್ಯರಲ್ಲಿಗೆ ಹೋಗಲು ಸಂಕೋಚಪಡಬೇಕಾಗಿಲ್ಲ.

ನೌಕರಿಯಲ್ಲಿರುವವರಿಗೆ ಮತ್ತೊಂದು ತೊಡಕಿದೆ. 9.15ರಿಂದ 9.45ರ ಅವಧಿ ಮುಂಬಯಿಯ ಲೋಕಲ್ ರೈಲಿನಲ್ಲಿ ನಿಂತು ಪ್ರಯಾಣಿಸುವ ಅವಧಿ. ಡೊಂಬಿವಲಿಯಿಂದ ಹೊರಟವನು ಕುರ್ಲಾ ದಾಟುವಷ್ಟರಲ್ಲಿ ಮೊಬೈಲಿನ ಸಂಪರ್ಕ ಎರಡು ಸಲ ತಪ್ಪಿರುತ್ತದೆ. ಹತ್ತೂಕಾಲಿಗೆ ಆರ್ಡರ್ ಹಾಕಬೇಕೆನ್ನುವ ನಿಯಮ, ಹತ್ತೂಕಾಲಿಗೆ ಅಧಿಕಾರಿಯ ಮುಂದೆ ಕುಳಿತಿರಬೇಕಾದವನಿಗೆ ಎಷ್ಟೇ ಲಾಭದಾಯಕವಾಗಿದ್ದರೂ ನಿರುಪಯುಕ್ತ. ಅಂಥವರು ಹಣ ತೊಡಗಿಸದೆ, ನೋಟುಪುಸ್ತಕದಲ್ಲೇ ನೂರು ಪ್ರವೇಶಗಳನ್ನು ಬರೆದು ನೋಡಬಹುದು: ದಿನಾಂಕ, ವ್ಯಾಪ್ತಿಯ ಎರಡು ಗೆರೆಗಳು, ಪ್ರವೇಶದ ನಿಮಿಷ ಮತ್ತು ಬೆಲೆ, ಸ್ಟಾಪ್ ಲಾಸ್, ಹೊರಬಂದ ಬೆಲೆ, ಪ್ರತಿಯೊಂದಕ್ಕೂ ಏಳು ಅಂಶದ ಖರ್ಚು. ಕೊನೆಯ ಅಂಕಣದಲ್ಲಿ, ಆ ನಿಮಿಷದಲ್ಲಿ ತಾವು ನಿಜವಾಗಿ ಎಲ್ಲಿದ್ದಿರಿ, ಆರ್ಡರ್ ಹಾಕಲು ಸಾಧ್ಯವಿತ್ತೇ ಎಂಬುದನ್ನೂ ಬರೆಯಬೇಕು. ನೂರು ಸಾಲು ತುಂಬಲು ಐದಾರು ತಿಂಗಳು ಹಿಡಿಯುತ್ತದೆ. ಆ ಪುಸ್ತಕದ ಬೆಲೆ ನಲವತ್ತು ರೂಪಾಯಿ.